ಹಾರೋದು ಓಕೆ, ರೂಲ್ಸ್ ಎಲ್ಲಿ?

ಸೂಪರ್‌ಹೀರೋ ಸಿನಿಮಾ ಇಷ್ಟ ಅಂತ ಯಾರಿಗಾದ್ರೂ ಹೇಳಿ ನೋಡಿ. ಎರಡು ಥರದ ಉತ್ತರ ಬರುತ್ತೆ. ಮನೆಯಲ್ಲಾದ್ರೆ "ಇನ್ನೂ ಚಿಕ್ಕ ಮಕ್ಕಳ ಥರ ಅದನ್ನೇ ನೋಡ್ತೀಯಾ?" ಅಂತಾರೆ. ಹಾಸ್ಟೆಲ್‌ನಲ್ಲಾದ್ರೆ "ಲಾಜಿಕ್ಕೇ ಇಲ್ವಲ್ಲ ಮಗಾ" ಅಂತಾರೆ. ಮೊದಲನೇದಕ್ಕೆ ಹೌದು ಅನ್ನೋದು ಬಿಟ್ಟು ಬೇರೆ ಉತ್ತರ ಇಲ್ಲ. ಎರಡನೇದಕ್ಕೆ ಮಾತ್ರ ನನ್ನ ಹತ್ರ ಸ್ವಲ್ಪ ಉದ್ದದ ಉತ್ತರ ಇದೆ. ಅದನ್ನೇ ಇಲ್ಲಿ ಬರೀತಿದ್ದೀನಿ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಫ್ಯಾಂಟಸಿ ಮತ್ತು ಸೂಪರ್‌ಹೀರೋ ಕಥೆಗಳಲ್ಲಿ ಹೀರೋಗೆ ಏನೆಲ್ಲ ಮಾಡೋಕೆ ಬರುತ್ತೆ ಅನ್ನೋದಕ್ಕಿಂತ ಏನು ಮಾಡೋಕೆ ಆಗಲ್ಲ ಅನ್ನೋದು ಮುಖ್ಯ. ಒಳ್ಳೆ ಕಥೆಗಳು ಶಕ್ತಿಗೆ ಒಂದು ಮಿತಿ ಹಾಕ್ತವೆ, ಆಮೇಲೆ ಎಷ್ಟೇ ಕಷ್ಟ ಆದ್ರೂ ಆ ಮಿತಿಯನ್ನು ಮುರಿಯಲ್ಲ. ಕೆಟ್ಟ ಕಥೆಗಳು ಕ್ಲೈಮ್ಯಾಕ್ಸ್ ಬಂದ ತಕ್ಷಣ ಮುರಿದುಬಿಡ್ತವೆ. ನನಗೆ ಇಷ್ಟ ಆದ ಮತ್ತು ಇಷ್ಟ ಆಗದ ಪುಸ್ತಕ, ಸಿನಿಮಾಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ಹೆಚ್ಚುಕಡಿಮೆ ಎಲ್ಲಾ ಕಡೆ ಈ ಒಂದೇ ವ್ಯತ್ಯಾಸ ಕಾಣಿಸ್ತು.

ಒಂದು ಎಚ್ಚರಿಕೆ. ಮುಂದೆ ಸ್ಪಾಯ್ಲರ್‌ಗಳು ತುಂಬಾ ಇವೆ. ಸ್ಪೈಡರ್‌ಮ್ಯಾನ್, ಅವೆಂಜರ್ಸ್, ಹ್ಯಾರಿ ಪಾಟರ್, ಲಾರ್ಡ್ ಆಫ್ ದಿ ರಿಂಗ್ಸ್ ನೋಡದೇ ಇರೋರು ಮೊದಲು ನೋಡಿಬಿಟ್ಟು ಬನ್ನಿ, ಲೇಖನ ಇಲ್ಲೇ ಇರುತ್ತೆ.

ಲಾಜಿಕ್ ಅಂದ್ರೆ ಸೈನ್ಸ್ ಅಲ್ಲ

ಮೊದಲು ಒಂದು ಗೊಂದಲ ಬಿಡಿಸೋಣ. "ಲಾಜಿಕ್ ಇಲ್ಲ" ಅನ್ನೋವಾಗ ನಾವು ಎರಡು ಬೇರೆ ಬೇರೆ ವಿಷಯಗಳನ್ನು ಒಂದೇ ಮಾತಲ್ಲಿ ಹೇಳ್ತಾ ಇರ್ತೀವಿ.

ಒಂದು, ಇದು ನಮ್ಮ ಲೋಕದ ಫಿಸಿಕ್ಸ್‌ಗೆ ಹೊಂದಲ್ಲ ಅನ್ನೋದು. ಜೇಡ ಕಚ್ಚಿದ್ರೆ ಗೋಡೆ ಹತ್ತೋ ಶಕ್ತಿ ಬರಲ್ಲ, ಕಚ್ಚಿದ ಜಾಗ ಊದಿಕೊಳ್ಳುತ್ತೆ ಅಷ್ಟೆ. ಇದು ನಿಜ, ಆದ್ರೆ ಇದು ತಪ್ಪು ಅಲ್ಲ. ಕಥೆ ಶುರುವಾಗೋಕೆ ಮುಂಚೆ ಬರೆದವನು ನಮ್ಮನ್ನು ಒಂದು ಮಾತು ಕೇಳ್ತಾನೆ: "ಇದೊಂದನ್ನು ಒಪ್ಪಿಕೊಳ್ಳಿ, ಉಳಿದಿದ್ದು ನಾನು ನೋಡ್ಕೋತೀನಿ." ಪ್ರಾಬ್ಲಮ್ ಶೀಟ್‌ನಲ್ಲಿ "ಘರ್ಷಣೆ ಇಲ್ಲ ಎಂದು ಭಾವಿಸಿ" ಅಂತ ಇರುತ್ತಲ್ಲ, ಅದೇ ಥರ. ಘರ್ಷಣೆ ಇಲ್ಲದ ಮೇಜು ಎಲ್ಲೂ ಇಲ್ಲ, ಆದ್ರೂ ನಾವು ಲೆಕ್ಕ ಮಾಡ್ತೀವಿ.

ಇನ್ನೊಂದು, ಕಥೆ ತಾನೇ ಹಾಕಿದ ನಿಯಮವನ್ನು ತಾನೇ ಮುರೀತಿದೆ ಅನ್ನೋದು. ಇದು ನಿಜವಾದ ತಪ್ಪು. ಘರ್ಷಣೆ ಇಲ್ಲ ಅಂತ ಹೇಳಿ, ಮೂರನೇ ಸ್ಟೆಪ್‌ನಲ್ಲಿ ಉತ್ತರ ಬರ್ತಿಲ್ಲ ಅಂತ ಸದ್ದಿಲ್ಲದೆ ಘರ್ಷಣೆ ಸೇರಿಸಿದ್ರೆ ಯಾವ ಮೇಷ್ಟ್ರೂ ಮಾರ್ಕ್ಸ್ ಕೊಡಲ್ಲ.

ಹಾಗಾಗಿ ಸಿನಿಮಾ ನೋಡುವಾಗ "ಇದು ಸಾಧ್ಯಾನಾ?" ಅನ್ನೋ ಪ್ರಶ್ನೆಯನ್ನು ನಾನು ಕೇಳೋದಿಲ್ಲ. "ಹತ್ತು ನಿಮಿಷದ ಹಿಂದೆ ಹೇಳಿದ್ದಕ್ಕೆ ಇದು ಹೊಂದುತ್ತಾ?" ಅಂತ ಕೇಳ್ತೀನಿ.

ಸೂಪರ್‌ಮ್ಯಾನ್‌ಗೆ ಮೊದಲು ಹಾರೋಕೆ ಬರ್ತಿರಲಿಲ್ಲ

ಇದು ತುಂಬಾ ಜನಕ್ಕೆ ಗೊತ್ತಿಲ್ಲ. ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್ ಅನ್ನೋ ಇಬ್ಬರು ಹುಡುಗರು ಸೃಷ್ಟಿ ಮಾಡಿದ ಸೂಪರ್‌ಮ್ಯಾನ್ 1938ರಲ್ಲಿ ಆ್ಯಕ್ಷನ್ ಕಾಮಿಕ್ಸ್‌ನ ಮೊದಲ ಸಂಚಿಕೆಯಲ್ಲಿ ಬಂದಾಗ ಅವನು ಹಾರ್ತಾ ಇರಲಿಲ್ಲ, ನೆಗೀತಿದ್ದ. ಒಂದು ನೆಗೆತಕ್ಕೆ ಒಂದು ಮೈಲಿಯ ಎಂಟನೇ ಒಂದು ಭಾಗ, ಅಂದ್ರೆ ಸುಮಾರು 200 ಮೀಟರ್. ಚರ್ಮ ಗಟ್ಟಿ, ಆದ್ರೆ ಸಿಡಿಯುವ ಫಿರಂಗಿ ಗುಂಡು ಬಿದ್ರೆ ಏನೂ ಆಗಲ್ಲ ಅಂತ ಗ್ಯಾರಂಟಿ ಇರಲಿಲ್ಲ. ಹಾರಾಟ ಬಂದಿದ್ದು 1940ರ ದಶಕದಲ್ಲಿ. ಆಮೇಲೆ ಒಂದೊಂದೇ ಶಕ್ತಿ ಸೇರ್ತಾ ಹೋಯ್ತು. ಕೊನೆಗೆ ಅವನಿಗೆ ಆಗದೇ ಇರೋದು ಏನೂ ಉಳಿಯಲಿಲ್ಲ.

ಆಗ ಬರೆಯೋರಿಗೆ ಕಷ್ಟ ಶುರುವಾಯ್ತು. ಸೋಲೋಕೇ ಆಗದವನ ಬಗ್ಗೆ ಪ್ರತಿ ತಿಂಗಳು ಏನು ಕಥೆ ಬರೆಯೋದು? ಇಲ್ಲಿ ಕ್ರಿಪ್ಟೊನೈಟ್ ತುಂಬಾ ಉಪಯೋಗಕ್ಕೆ ಬಂತು. ಅದು ಮೊದಲು ಬಂದಿದ್ದು ಕಾಮಿಕ್ಸ್‌ನಲ್ಲಿ ಅಲ್ಲ, 1943ರಲ್ಲಿ ರೇಡಿಯೋ ಧಾರಾವಾಹಿಯಲ್ಲಿ. ಕಾಮಿಕ್ಸ್‌ಗೆ ಬಂದಿದ್ದು 1949ರಲ್ಲಿ. ಆ ಹಸಿರು ಕಲ್ಲು ಹತ್ರ ಇದ್ರೆ ಸೂಪರ್‌ಮ್ಯಾನ್ ಕುಸೀತಾನೆ. ಕಂಟ್ರೋಲ್ ಸಿಸ್ಟಮ್ಸ್ ಭಾಷೆಯಲ್ಲಿ ಹೇಳೋದಾದ್ರೆ, ಗೇನ್ ಕೈಮೀರಿ ಹೋಯ್ತು ಅಂತ ಹೊರಗಿನಿಂದ ಒಂದು ಡ್ಯಾಂಪರ್ ತಂದು ಕಟ್ಟಿದ್ರು.

ನನಗೆ ಕ್ರಿಪ್ಟೊನೈಟ್ ಅಷ್ಟು ಇಷ್ಟ ಇಲ್ಲ. ಯಾಕಂದ್ರೆ ಅದು ಆನ್-ಆಫ್ ಸ್ವಿಚ್ ಥರ. ವಿಲನ್ ಜೇಬಲ್ಲಿ ಕಲ್ಲು ಇದ್ರೆ ಹೀರೋ ಬಿದ್ದ, ಯಾರೋ ಅದನ್ನು ಎಸೆದ್ರೆ ಹೀರೋ ಎದ್ದ. ಇದಕ್ಕಿಂತ ಎಷ್ಟೋ ಒಳ್ಳೆ ಮಿತಿ 1978ರ ಸೂಪರ್‌ಮ್ಯಾನ್ ಸಿನಿಮಾದಲ್ಲಿ ಇತ್ತು. ಲೆಕ್ಸ್ ಲೂಥರ್ ಎರಡು ಕ್ಷಿಪಣಿ ಬಿಡ್ತಾನೆ, ಒಂದು ಅಮೆರಿಕದ ಪೂರ್ವಕ್ಕೆ, ಇನ್ನೊಂದು ಪಶ್ಚಿಮಕ್ಕೆ. ಸೂಪರ್‌ಮ್ಯಾನ್ ಮೊದಲು ಪೂರ್ವದ್ದನ್ನು ತಡೀತೀನಿ ಅಂತ ಮಾತು ಕೊಟ್ಟಿರ್ತಾನೆ. ಮಾತಿನ ಹಾಗೆ ನಡ್ಕೋತಾನೆ. ಅಷ್ಟರಲ್ಲಿ ಪಶ್ಚಿಮದಲ್ಲಿ ಭೂಕಂಪ ಆಗಿ, ಕಾರಿನೊಳಗೆ ಮಣ್ಣು ತುಂಬಿ ಲೋಯಿಸ್ ಲೇನ್ ಸಾಯ್ತಾಳೆ. ಎಷ್ಟೇ ವೇಗ ಇದ್ರೂ ಒಂದೇ ಸಮಯಕ್ಕೆ ಎರಡು ಕಡೆ ಇರೋಕೆ ಆಗಲ್ಲ! ಇದಕ್ಕಿಂತ ಒಳ್ಳೆ ಮಿತಿ ಸೂಪರ್‌ಮ್ಯಾನ್‌ಗೆ ಬೇಕಾ?

ಆದ್ರೆ ಸಿನಿಮಾ ಅಲ್ಲಿಗೆ ನಿಲ್ಲಲ್ಲ. ಅವನು ಕೋಪದಲ್ಲಿ ಭೂಮಿಯ ಸುತ್ತ ಗಿರಗಿರ ಹಾರ್ತಾನೆ, ಭೂಮಿ ಹಿಂದಕ್ಕೆ ತಿರುಗುತ್ತೆ, ಕಾಲಾನೂ ಹಿಂದಕ್ಕೆ ಹೋಗುತ್ತೆ, ಲೋಯಿಸ್ ಬದುಕ್ತಾಳೆ. ಭೂಮಿ ಹಿಂದಕ್ಕೆ ತಿರುಗಿದ್ರೆ ಕಾಲ ಯಾಕೆ ಹಿಂದಕ್ಕೆ ಹೋಗಬೇಕು ಅನ್ನೋದು ನನ್ನ ಮುಖ್ಯ ತಕರಾರು ಅಲ್ಲ. ಇಷ್ಟು ಸುಲಭ ಇದ್ರೆ ಮುಂದೆ ಯಾರೇ ಸತ್ರೂ ಅವನು ಹೀಗೇ ಮಾಡಬಹುದಲ್ಲ? ಹಾಗಾದ್ರೆ ನಾನು ಯಾಕೆ ಭಯ ಪಡಬೇಕು?

ಇದೇ "ಎರಡು ಕಡೆ ಇರೋಕೆ ಆಗಲ್ಲ" ಅನ್ನೋ ಮಿತಿಯನ್ನು 30 ವರ್ಷ ಆದ್ಮೇಲೆ ದಿ ಡಾರ್ಕ್ ನೈಟ್ ಸಿನಿಮಾ (2008) ಬಳಸ್ತು. ಜೋಕರ್ ಇಬ್ಬರನ್ನು ಎರಡು ಕಡೆ ಕಟ್ಟಿಹಾಕಿ, ಬ್ಯಾಟ್‌ಮ್ಯಾನ್‌ಗೆ ವಿಳಾಸ ಅದಲುಬದಲು ಮಾಡಿ ಹೇಳ್ತಾನೆ. ರೇಚೆಲ್‌ನ ಉಳಿಸೋಕೆ ಹೋದವನಿಗೆ ಹಾರ್ವಿ ಸಿಗ್ತಾನೆ, ರೇಚೆಲ್ ಸಾಯ್ತಾಳೆ. ಯಾರೂ ಭೂಮಿ ತಿರುಗಿಸಲ್ಲ. ಸಿನಿಮಾದ ಉಳಿದ ಅರ್ಧ ಪೂರ್ತಿ ಆ ಒಂದು ಸಾವಿನ ಪರಿಣಾಮ. ಎರಡೂ ಸಿನಿಮಾದಲ್ಲಿ ಇಕ್ಕಟ್ಟು ಒಂದೇ. ನನ್ನ ತಲೆಯಲ್ಲಿ ಉಳಿದಿದ್ದು ಮಾತ್ರ ಎರಡನೇದು.

ಗ್ವೆನ್ ಸ್ಟೇಸಿ ಮತ್ತು ಎಫ್ ಇಂಟು ಡೆಲ್ಟಾ ಟಿ

ನನ್ನ ಪ್ರಕಾರ ಸೂಪರ್‌ಹೀರೋ ಕಥೆಗಳ ಇತಿಹಾಸದಲ್ಲೇ ಅತಿ ಮುಖ್ಯವಾದ ಕೆಲವು ಪುಟಗಳು 1973ರಲ್ಲಿ ಬಂದ ದಿ ಅಮೇಜಿಂಗ್ ಸ್ಪೈಡರ್‌ಮ್ಯಾನ್ 121ನೇ ಸಂಚಿಕೆಯಲ್ಲಿ ಇವೆ. ಕಥೆ ಬರೆದವರು ಜೆರ್ರಿ ಕಾನ್ವೇ, ಚಿತ್ರ ಗಿಲ್ ಕೇನ್. ಗ್ರೀನ್ ಗಾಬ್ಲಿನ್, ಪೀಟರ್ ಪಾರ್ಕರ್‌ನ ಪ್ರೇಯಸಿ ಗ್ವೆನ್ ಸ್ಟೇಸಿಯನ್ನು ಸೇತುವೆಯ ಮೇಲಿಂದ ತಳ್ತಾನೆ. ಸ್ಪೈಡರ್‌ಮ್ಯಾನ್ ಬಲೆ ಬೀಸ್ತಾನೆ. ಬಲೆ ಸರಿಯಾಗಿ ಅವಳ ಕಾಲಿಗೆ ಅಂಟುತ್ತೆ. ಖುಷಿಯಿಂದ ಮೇಲೆ ಎಳ್ಕೊಂಡು ನೋಡಿದ್ರೆ ಅವಳು ಸತ್ತಿರ್ತಾಳೆ.

ಗಾಬ್ಲಿನ್ ಏನಂತಾನೆ ಅಂದ್ರೆ, ಅಷ್ಟು ಎತ್ತರದಿಂದ ಬಿದ್ರೆ ನೆಲ ಮುಟ್ಟೋಕೆ ಮುಂಚೆನೇ ಸಾಯ್ತಾರೆ ಅಂತ. ಇದು ಸುಳ್ಳು. ಸ್ಕೈಡೈವಿಂಗ್ ಮಾಡೋರು ಯಾರೂ ಗಾಳಿಯಲ್ಲಿ ಸಾಯಲ್ಲ. ಚಿತ್ರದಲ್ಲಿ ಬಲೆ ಅಂಟಿದ ಕ್ಷಣಕ್ಕೆ ಗ್ವೆನ್‌ಳ ಕುತ್ತಿಗೆ ಪಕ್ಕ ಚಿಕ್ಕದಾಗಿ "ಸ್ನ್ಯಾಪ್" ಅಂತ ಶಬ್ದ ಬರೆದಿದೆ. ಓದುಗರು ಇದನ್ನು ಹಿಡಿದುಕೊಂಡು ಪತ್ರ ಬರೆದ್ರು, ಆಮೇಲೆ ಪತ್ರಗಳ ಪುಟದಲ್ಲಿ ಸಂಪಾದಕರೇ ಒಪ್ಪಿಕೊಂಡ್ರು: ಅವಳನ್ನು ಕೊಂದಿದ್ದು ಬೀಳೋದಲ್ಲ, ತಟಕ್ಕನೆ ನಿಂತಿದ್ದು. ಅಂದ್ರೆ ಉಳಿಸೋಕೆ ಬೀಸಿದ ಬಲೆಯೇ ಅವಳ ಸಾವಿಗೆ ಕಾರಣ ಆಯ್ತು.

ಇದರ ಲೆಕ್ಕ ನಮ್ಮ ಮೊದಲ ಸೆಮಿಸ್ಟರ್ ಮಟ್ಟದ್ದು. ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ಫಿಸಿಕ್ಸ್ ಪ್ರೊಫೆಸರ್ ಜೇಮ್ಸ್ ಕಕಾಲಿಯೋಸ್ ತಮ್ಮ ದಿ ಫಿಸಿಕ್ಸ್ ಆಫ್ ಸೂಪರ್‌ಹೀರೋಸ್ (2005) ಪುಸ್ತಕದಲ್ಲಿ ಇದನ್ನು ಮಾಡಿ ತೋರಿಸಿದ್ದಾರೆ. ನಾನು ನನ್ನದೇ ಅಂದಾಜಿನ ಸಂಖ್ಯೆಗಳನ್ನು ಹಾಕಿ ಮಾಡ್ತೀನಿ, ನೀವೂ ಪೆನ್ನು ತಗೊಳ್ಳಿ.

ಗ್ವೆನ್ 90 ಮೀಟರ್ ಬಿದ್ಲು ಅಂತಿಟ್ಟುಕೊಳ್ಳೋಣ, ಗಾಳಿಯ ತಡೆ ಬಿಟ್ಟುಬಿಡೋಣ. ವಿ ಸ್ಕ್ವೇರ್ ಅಂದ್ರೆ 2 ಜಿ ಎಚ್. ವೇಗ ಸೆಕೆಂಡಿಗೆ 42 ಮೀಟರ್ ಬರುತ್ತೆ, ಅಂದ್ರೆ ಗಂಟೆಗೆ ಸುಮಾರು 150 ಕಿ.ಮೀ. ಅವಳ ತೂಕ 50 ಕೆ.ಜಿ. ಬಲೆ ಅವಳನ್ನು ಅರ್ಧ ಸೆಕೆಂಡಲ್ಲಿ ನಿಲ್ಲಿಸಿದ್ರೆ ವೇಗ ಇಳಿಯೋ ದರವೇ ಸುಮಾರು 8.6 ಜಿ. ಅವಳ ಭಾರಾನೂ ಸೇರಿಸಿದ್ರೆ ಬಲೆ ಎಳೆಯೋ ಬಲ ಸರಾಸರಿ 4,700 ನ್ಯೂಟನ್. ಹೆಚ್ಚುಕಡಿಮೆ ಒಂದು ಹ್ಯಾಚ್‌ಬ್ಯಾಕ್ ಕಾರಿನ ಅರ್ಧ ಭಾರ ಒಂದು ಕಾಲಿಗೆ ನೇತುಹಾಕಿದ ಹಾಗೆ. 0.1 ಸೆಕೆಂಡಲ್ಲಿ ನಿಲ್ಲಿಸಿದ್ರೆ ಆ ದರ ಸುಮಾರು 43 ಜಿ. ಅದೂ ತಲೆ ಕೆಳಗಾಗಿ, ಕುತ್ತಿಗೆಗೆ ಯಾವ ಆಧಾರಾನೂ ಇಲ್ಲದೆ.

ಮೊಮೆಂಟಮ್ ಎಷ್ಟು ಬದಲಾಗಬೇಕು ಅನ್ನೋದು ಫಿಕ್ಸ್ ಆಗಿದೆ. ಅದು ಬಲ ಗುಣಿಸು ಸಮಯ. ಸಮಯ ಕಡಿಮೆ ಆದಷ್ಟೂ ಬಲ ಜಾಸ್ತಿ. ಹೆಲ್ಮೆಟ್ ಒಳಗಿನ ಥರ್ಮಾಕೋಲ್, ಕಾರಿನ ಏರ್‌ಬ್ಯಾಗ್, ಬಂಜಿ ಜಂಪ್ ಹಗ್ಗ ಎಲ್ಲ ಮಾಡೋದು ಒಂದೇ ಕೆಲಸ, ನಿಲ್ಲೋ ಸಮಯವನ್ನು ಉದ್ದ ಮಾಡೋದು. ಗ್ವೆನ್‌ಳನ್ನು 3 ಸೆಕೆಂಡಲ್ಲಿ ನಿಧಾನವಾಗಿ ನಿಲ್ಲಿಸಿದ್ರೆ ದರ ಒಂದೂವರೆ ಜಿ ಒಳಗೇ ಇರ್ತಿತ್ತು, ಬದುಕ್ತಿದ್ಲು. ಆದ್ರೆ ಅದಕ್ಕೆ ಇನ್ನೂ 63 ಮೀಟರ್ ಜಾಗ ಬೇಕಿತ್ತು. ಅಷ್ಟು ಜಾಗ ಕೆಳಗೆ ಇರಲಿಲ್ಲ.

ಈ ಕಥೆ ನನಗೆ ಯಾಕೆ ಇಷ್ಟ ಅಂದ್ರೆ, ಸ್ಪೈಡರ್‌ಮ್ಯಾನ್ ಇಲ್ಲಿ ಸೋಮಾರಿತನ ಮಾಡಿಲ್ಲ, ತಡ ಮಾಡಿಲ್ಲ, ಗುರಿ ತಪ್ಪಿಲ್ಲ. ತನ್ನ ಶಕ್ತಿಯನ್ನು ಪೂರ್ತಿ ಬಳಸಿದ್ದಾನೆ. ಅದಕ್ಕೇ ಅವಳು ಸತ್ತಿದ್ದು. 1962ರಲ್ಲಿ ಸ್ಟ್ಯಾನ್ ಲೀ, ಸ್ಟೀವ್ ಡಿಟ್ಕೊ ಅವನನ್ನು ಸೃಷ್ಟಿಸಿದಾಗಿನಿಂದ ಆ ಬಲೆ ಎಷ್ಟೋ ಜನರನ್ನು ಉಳಿಸಿತ್ತು. ಅದೇ ಬಲೆಗೆ ಇಂಥ ಒಂದು ಮುಖಾನೂ ಇದೆ ಅಂತ 11 ವರ್ಷ ಆದ್ಮೇಲೆ ಗೊತ್ತಾಯ್ತು.

ಸಿನಿಮಾದವರೂ ಇದನ್ನು ಮರೆತಿಲ್ಲ. 2014ರ ದಿ ಅಮೇಜಿಂಗ್ ಸ್ಪೈಡರ್‌ಮ್ಯಾನ್ 2ರಲ್ಲಿ ಗಡಿಯಾರದ ಗೋಪುರದೊಳಗೆ ಗ್ವೆನ್ ಬೀಳ್ತಾಳೆ, ಬಲೆ ತಲುಪುತ್ತೆ, ಆದ್ರೂ ಅವಳು ಉಳಿಯಲ್ಲ. 2021ರ ನೋ ವೇ ಹೋಮ್‌ನಲ್ಲಿ ಎಂಜೆ ಬೀಳುವಾಗ ಅದೇ ಆ್ಯಂಡ್ರೂ ಗಾರ್ಫೀಲ್ಡ್‌ನ ಸ್ಪೈಡರ್‌ಮ್ಯಾನ್ ಮೇಲಿಂದ ಬಲೆ ಬೀಸಿ ಎಳೆಯಲ್ಲ. ತಾನೇ ಅವಳ ಹಿಂದೆ ಧುಮುಕಿ, ಗಾಳಿಯಲ್ಲೇ ಕೈಯಲ್ಲಿ ಹಿಡ್ಕೊಂಡು ಕೆಳಗೆ ಇಳಿಸ್ತಾನೆ. ರಿಲೇಟಿವ್ ವೆಲಾಸಿಟಿ ಕಡಿಮೆ ಮಾಡಿ ಆಮೇಲೆ ಹಿಡಿದಿದ್ದಾನೆ! ಥಿಯೇಟರ್‌ನಲ್ಲಿ ಎಲ್ಲರೂ ಚಪ್ಪಾಳೆ ಹೊಡೆದಿದ್ದು ಮೂರು ಸ್ಪೈಡರ್‌ಮ್ಯಾನ್ ಒಟ್ಟಿಗೆ ಬಂದಿದ್ದಕ್ಕೆ. ನನಗೆ ಗಂಟಲು ಕಟ್ಟಿದ್ದು ಇಲ್ಲಿ. ಹಳೇ ಸಾವನ್ನು ಸಿನಿಮಾ ಅಳಿಸಲಿಲ್ಲ, ಅದರಿಂದ ಅವನು ಏನು ಕಲಿತ ಅಂತ ತೋರಿಸ್ತು.

ಮಾಯೆಗೂ ಡೇಟಾಶೀಟ್

ಈಗ ಪುಸ್ತಕಗಳಿಗೆ ಬರೋಣ. ಬ್ರ್ಯಾಂಡನ್ ಸ್ಯಾಂಡರ್ಸನ್ ಅನ್ನೋ ಅಮೆರಿಕನ್ ಫ್ಯಾಂಟಸಿ ಲೇಖಕ ನಾನು ಇಷ್ಟು ಹೊತ್ತು ಹೇಳಿದ್ದನ್ನು ಎರಡು ನಿಯಮಗಳಾಗಿ ಮಾಡಿದ್ದಾನೆ. ಮೊದಲನೇದನ್ನು 2007ರಲ್ಲಿ ಬರೆದ. ನನ್ನ ಮಾತಲ್ಲಿ ಹೇಳೋದಾದ್ರೆ: ಓದುಗರಿಗೆ ಮಾಯೆ ಹೇಗೆ ಕೆಲಸ ಮಾಡುತ್ತೆ ಅಂತ ಎಷ್ಟು ಅರ್ಥ ಆಗಿದೆಯೋ ಅಷ್ಟರ ಮಟ್ಟಿಗೆ ಮಾತ್ರ ಆ ಮಾಯೆಯಿಂದ ಕಥೆಯ ಸಮಸ್ಯೆಯನ್ನು ಬಿಡಿಸಬಹುದು. ಎರಡನೇದು: ಶಕ್ತಿಗಿಂತ ಅದರ ಮಿತಿಗಳು ಹೆಚ್ಚು ಆಸಕ್ತಿಕರ.

ಅವನ ಮಿಸ್ಟ್‌ಬಾರ್ನ್ (2006) ಕಾದಂಬರಿಯನ್ನು ಎಂಜಿನಿಯರಿಂಗ್ ಓದೋರು ಒಮ್ಮೆಯಾದ್ರೂ ಓದಬೇಕು. ಅದರಲ್ಲಿ ಕೆಲವು ಜನ ಲೋಹದ ಚೂರುಗಳನ್ನು ನುಂಗಿ, ಹೊಟ್ಟೆಯೊಳಗೆ ಅದನ್ನು "ಉರಿಸಿ" ಶಕ್ತಿ ಪಡೀತಾರೆ. ಪ್ರತಿ ಲೋಹಕ್ಕೂ ಒಂದೊಂದು ಕೆಲಸ. ತವರ ಉರಿಸಿದ್ರೆ ಕಣ್ಣು, ಕಿವಿ ಚುರುಕಾಗುತ್ತೆ. ಉಕ್ಕು ಉರಿಸಿದ್ರೆ ಸುತ್ತಮುತ್ತ ಇರೋ ಲೋಹವನ್ನು ದೂರಕ್ಕೆ ತಳ್ಳಬಹುದು, ಕಬ್ಬಿಣ ಉರಿಸಿದ್ರೆ ಹತ್ರಕ್ಕೆ ಎಳೀಬಹುದು. ಹೊಟ್ಟೆಯಲ್ಲಿರೋ ಲೋಹ ಮುಗಿದ್ರೆ ಶಕ್ತಿಯೂ ಮುಗೀತು.

ತಳ್ಳೋದು ಅಂದ್ನಲ್ಲ, ಅಲ್ಲಿ ನ್ಯೂಟನ್‌ನ ಮೂರನೇ ನಿಯಮ ಪೂರ್ತಿ ಜಾರಿಯಲ್ಲಿದೆ. 60 ಕೆ.ಜಿ. ಮನುಷ್ಯ 5 ಗ್ರಾಂ ನಾಣ್ಯವನ್ನು ತಳ್ಳಿದ್ರೆ ಇಬ್ಬರ ಮೇಲೂ ಬಲ ಒಂದೇ, ಆದ್ರೆ ನಾಣ್ಯದ ವೇಗ 12,000 ಪಟ್ಟು ಬೇಗ ಏರುತ್ತೆ. ಅಂದ್ರೆ ಅದು ಗುಂಡಿನ ಥರ ಹಾರುತ್ತೆ. ಅದೇ ನಾಣ್ಯ ನೆಲಕ್ಕೆ ಬಿದ್ದು ಇನ್ನು ಕೆಳಗೆ ಹೋಗೋಕೆ ಜಾಗ ಇಲ್ಲ ಅಂದಾಗ ತಳ್ಳಿದ್ರೆ? ಆಗ ತಳ್ಳಿದವನೇ ಮೇಲೆ ಹಾರ್ತಾನೆ. ಹೀಗೆ ಒಂದು ಚಿಲ್ಲರೆ ನಾಣ್ಯ ಕೆಳಗೆ ಎಸೆದು, ಅದನ್ನೇ ತಳ್ಳಿ ಊರಿನ ಮಾಳಿಗೆಗಳ ಮೇಲೆ ಹಾರೋದು ವಿನ್ ಅನ್ನೋ ಹುಡುಗಿ. ಅವಳು ಬೀದಿಯಲ್ಲಿ ಕಳ್ಳತನ ಮಾಡ್ಕೊಂಡು ಬೆಳೆದವಳು. ತನಗಿಂತ ಭಾರವಾದ ಕವಚ ತೊಟ್ಟ ಸೈನಿಕನನ್ನು ತಳ್ಳಿದ್ರೆ ಹಿಂದಕ್ಕೆ ಹೋಗೋದು ಅವಳೇ. ಹಾಗಾಗಿ ಪ್ರತಿ ಜಗಳದಲ್ಲೂ ಅವಳು ಯೋಚನೆ ಮಾಡಲೇಬೇಕು: ಯಾವ ಲೋಹ ಎಲ್ಲಿದೆ, ನನಗಿಂತ ಹಗುರಾನಾ ಭಾರಾನಾ, ನನ್ನ ಹತ್ರ ಎಷ್ಟು ಉಕ್ಕು ಉಳಿದಿದೆ. ಓದೋರಿಗೂ ಇಷ್ಟೆಲ್ಲ ಗೊತ್ತಿರೋದ್ರಿಂದ ನಾವೂ ಅವಳ ಜೊತೆ ಲೆಕ್ಕ ಹಾಕ್ತೀವಿ. ಅವಳು ಗೆದ್ದಾಗ ಅದು ಲಕ್ ಅಲ್ಲ ಅಂತ ನಮಗೆ ಗೊತ್ತಿರುತ್ತೆ.

ರೂಲ್ ಬುಕ್ ಇಲ್ಲದ ಮಾಯೆ

ಇಲ್ಲಿ ಒಬ್ಬ ಗೆಳೆಯ ಜಗಳಕ್ಕೆ ಬಂದ. "ಹಾಗಾದ್ರೆ ಗ್ಯಾಂಡಾಲ್ಫ್? ಅವನ ಮಾಯೆಗೆ ಯಾವ ರೂಲ್ ಇದೆ? ಲಾರ್ಡ್ ಆಫ್ ದಿ ರಿಂಗ್ಸ್ ಕೆಟ್ಟ ಕಥೆನಾ?" ಅಂತ. ಒಳ್ಳೆ ಪ್ರಶ್ನೆ.

ಟೋಲ್ಕಿನ್ 1954–55ರಲ್ಲಿ ಪ್ರಕಟಿಸಿದ ಆ ಕಾದಂಬರಿಯಲ್ಲಿ ಮಾಯೆಯ ಲೆಕ್ಕ ಎಲ್ಲೂ ಇಲ್ಲ, ನಿಜ. ಗ್ಯಾಂಡಾಲ್ಫ್ ಏನೇನು ಮಾಡಬಲ್ಲ ಅಂತ ನಮಗೆ ಗೊತ್ತಾಗಲ್ಲ. ಆದ್ರೆ ಗಮನಿಸಿ, ಮುಖ್ಯ ಸಮಸ್ಯೆಯನ್ನು ಗ್ಯಾಂಡಾಲ್ಫ್ ತನ್ನ ಮಾಯೆಯಿಂದ ಬಿಡಿಸೋದೂ ಇಲ್ಲ. ಉಂಗುರವನ್ನು ಬೆಂಕಿಗೆ ಹಾಕೋಕೆ ಇಬ್ಬರು ಹಾಬಿಟ್‌ಗಳು ನಡ್ಕೊಂಡೇ ಹೋಗಬೇಕು. ಸ್ಯಾಂಡರ್ಸನ್‌ನ ಮೊದಲ ನಿಯಮಕ್ಕೆ ಇದು ಸರಿಯಾಗಿ ಹೊಂದುತ್ತೆ: ಅರ್ಥ ಆಗದ ಮಾಯೆಯನ್ನು ಕಥೆಯಲ್ಲಿ ಇಟ್ಟುಕೊಳ್ಳಬಹುದು, ಅದರಿಂದ ಪ್ರಾಬ್ಲಮ್ ಸಾಲ್ವ್ ಮಾಡಬಾರದು.

ಇನ್ನು ಉಂಗುರ. ಅದಕ್ಕೆ ಲೋಹದ ಹಾಗೆ ಮುಗಿದುಹೋಗೋ ಮಿತಿ ಇಲ್ಲ. ಬದಲಿಗೆ ಅದಕ್ಕೆ ಬೆಲೆ ಇದೆ. ಬಳಸಿದಷ್ಟೂ ಅದು ಬಳಸಿದವರನ್ನು ತಿನ್ನುತ್ತೆ. ಅದಕ್ಕೇ ಫ್ರೋಡೊ ತಾನಾಗಿ ಕೊಡೋಕೆ ಬಂದ್ರೂ ಗ್ಯಾಂಡಾಲ್ಫ್ ಬೇಡ ಅಂತಾನೆ. ತನ್ನಂಥವನ ಕೈಯಲ್ಲಿ ಅದು ಇನ್ನೂ ಅಪಾಯ ಅಂತ ಅವನಿಗೆ ಗೊತ್ತು. ಕೊನೆಗೆ ಬೆಟ್ಟದ ತುದಿಯಲ್ಲಿ ಫ್ರೋಡೊ ಕೂಡ ಸೋಲ್ತಾನೆ, ಉಂಗುರ ನನ್ನದು ಅಂತಾನೆ. ಅಷ್ಟು ದೂರ ನಡೆದ ಹೀರೋ ಕೊನೇ ಹೆಜ್ಜೆಯಲ್ಲಿ ಸೋಲೋ ಹಾಗೆ ಬರೆಯೋಕೆ ಟೋಲ್ಕಿನ್‌ಗೆ ಎಷ್ಟು ಧೈರ್ಯ ಇರಬೇಕು ಯೋಚಿಸಿ. ಆದ್ರೆ ಉಂಗುರದ ನಿಯಮದ ಪ್ರಕಾರ ಅದು ಹಾಗೇ ಆಗಬೇಕಿತ್ತು.

ಇದೇ ಸಾಲಿಗೆ ಸೇರೋದು ಉರ್ಸುಲಾ ಲೆ ಗ್ವಿನ್ ಬರೆದ ಎ ವಿಝರ್ಡ್ ಆಫ್ ಅರ್ತ್‌ಸೀ (1968). ಹ್ಯಾರಿ ಪಾಟರ್‌ಗಿಂತ ಸುಮಾರು 30 ವರ್ಷ ಮುಂಚೆ ಬಂದ ಮಂತ್ರವಾದಿಗಳ ಶಾಲೆಯ ಕಥೆ. ಅಲ್ಲಿ ಪ್ರತಿ ವಸ್ತುವಿಗೂ ಒಂದು ನಿಜವಾದ ಹೆಸರಿದೆ, ಅದು ಗೊತ್ತಿದ್ರೆ ಆ ವಸ್ತು ನಿಮ್ಮ ಮಾತು ಕೇಳುತ್ತೆ. ಆದ್ರೆ ಲೋಕದ ಸಮತೋಲನ ಕೆಡಿಸೋ ಹಾಗಿಲ್ಲ. ಒಂದು ದ್ವೀಪಕ್ಕೆ ಮಳೆ ಕರೆದ್ರೆ ಇನ್ನೊಂದು ದ್ವೀಪಕ್ಕೆ ಬರ ಬರಬಹುದು. ಗೆಡ್ ಅನ್ನೋ ಜಾಣ ಹುಡುಗ ಸಹಪಾಠಿಯ ಮುಂದೆ ಜಂಬ ತೋರಿಸೋಕೆ ಹೋಗಿ ಒಂದು ಕರಾಳ ನೆರಳನ್ನು ಲೋಕದೊಳಗೆ ಬಿಟ್ಟುಬಿಡ್ತಾನೆ. ಉಳಿದ ಪುಸ್ತಕ ಪೂರ್ತಿ ಅದರ ಲೆಕ್ಕ ಚುಕ್ತಾ ಮಾಡೋದು. ಕ್ಲಾಸಲ್ಲಿ ತಾನೇ ಬುದ್ಧಿವಂತ ಅಂದ್ಕೊಂಡಿರೋ ಎಲ್ಲರಿಗೂ ಇದನ್ನು ಉಡುಗೊರೆ ಕೊಡಿ.

ಅನ್‌ಡೂ ಬಟನ್ ಸಮಸ್ಯೆ

ಮಿತಿಗಳಲ್ಲೆಲ್ಲ ದೊಡ್ಡದು ಸಾವು ಮತ್ತು ಕಾಲ. ಅದನ್ನು ಮುಟ್ಟೋ ಕಥೆ ತುಂಬಾ ಹುಷಾರಾಗಿರಬೇಕು.

ಹ್ಯಾರಿ ಪಾಟರ್ ಮೂರನೇ ಪುಸ್ತಕದಲ್ಲಿ (1999) ಟೈಮ್ ಟರ್ನರ್ ಬರುತ್ತೆ. ಹರ್ಮಾಯನಿ ಅದನ್ನು ಬಳಸೋದು ಒಂದೇ ಟೈಮಿಗೆ ಇರೋ ಕ್ಲಾಸುಗಳಿಗೆಲ್ಲ ಹೋಗೋಕೆ. ಕಾಲಯಂತ್ರ ಸಿಕ್ಕಿದ್ರೆ ಅಟೆಂಡೆನ್ಸ್‌ಗೆ ಬಳಸೋ ಹುಡುಗಿ! ಆ ಪುಸ್ತಕದೊಳಗೆ ನಿಯಮ ಗಟ್ಟಿಯಾಗಿದೆ. ಹಿಂದಕ್ಕೆ ಹೋದವರು ಏನನ್ನೂ ಬದಲಿಸಲ್ಲ, ಮೊದಲೇ ನಡೆದಿದ್ದನ್ನೇ ಮಾಡ್ತಾರೆ. ಕೆರೆಯ ಆಚೆ ದಡದಲ್ಲಿ ತನ್ನನ್ನು ಉಳಿಸಿದವನು ತಾನೇ ಅಂತ ಹ್ಯಾರಿಗೆ ಗೊತ್ತಾಗೋ ಜಾಗ ಇಡೀ ಸರಣಿಯಲ್ಲೇ ನನಗೆ ಹೆಚ್ಚು ಇಷ್ಟ. ಆದ್ರೂ ಓದುಗರಿಗೆ ಒಂದು ಅನುಮಾನ ಉಳಿಯುತ್ತೆ, ಇಂಥ ಯಂತ್ರ ಇದ್ದೂ ಬೇರೆ ಯಾರೂ ಬೇರೆ ಯಾವುದಕ್ಕೂ ಯಾಕೆ ಬಳಸಲ್ಲ? ಐದನೇ ಪುಸ್ತಕದಲ್ಲಿ (2003) ಮಂತ್ರಾಲಯದ ಹೊಡೆದಾಟದಲ್ಲಿ ಟೈಮ್ ಟರ್ನರ್‌ಗಳ ಕಪಾಟೇ ಒಡೆದುಹೋಗುತ್ತೆ. ನನಗೆ ಅದು ಒಳ್ಳೆ ನಿರ್ಧಾರ ಅನ್ಸುತ್ತೆ. 2016ರಲ್ಲಿ ಬಂದ ಕರ್ಸ್ಡ್ ಚೈಲ್ಡ್ ನಾಟಕ ಮತ್ತೆ ಒಂದು ಟೈಮ್ ಟರ್ನರ್ ತಂದು, ಈ ಸಲ ಹಿಂದಿನದನ್ನು ಬದಲಿಸಬಹುದು ಅಂತಾನೂ ಮಾಡ್ತು. ನನಗೆ ಇಷ್ಟ ಆಗಲಿಲ್ಲ.

ಮಾರ್ವೆಲ್ ಸಿನಿಮಾಗಳಲ್ಲೂ ಇದೇ ಕಥೆ. ಇನ್ಫಿನಿಟಿ ವಾರ್ (2018) ಮತ್ತು ಎಂಡ್‌ಗೇಮ್ (2019) ನನಗೆ ಇವತ್ತಿಗೂ ಇಷ್ಟ. ಕಲ್ಲುಗಳ ಶಕ್ತಿ ಅಪಾರ, ಆದ್ರೆ ಬಳಸಿದವರ ದೇಹವನ್ನು ಸುಡುತ್ತೆ. ಇದನ್ನು ಮೊದಲು ಥ್ಯಾನೋಸ್ ಮೇಲೆ, ಆಮೇಲೆ ಹಲ್ಕ್ ಮೇಲೆ ತೋರಿಸಿರ್ತಾರೆ. ಹಾಗಾಗಿ ಟೋನಿ ಸ್ಟಾರ್ಕ್ ಚಿಟಿಕೆ ಹೊಡೆಯೋ ಕ್ಷಣಕ್ಕೆ ನಮಗೆಲ್ಲ ಬೆಲೆ ಎಷ್ಟು ಅಂತ ಗೊತ್ತು, ಅವನಿಗೂ ಗೊತ್ತು.

ಆದ್ರೆ ಎಂಡ್‌ಗೇಮ್ ಆದ್ಮೇಲೆ ಮಲ್ಟಿವರ್ಸ್ ಬಂತು. ಇನ್ಫಿನಿಟಿ ವಾರ್‌ನ ಶುರುವಿನಲ್ಲೇ ಸತ್ತ ಲೋಕಿಯ ಇನ್ನೊಂದು ರೂಪ 2021ರಲ್ಲಿ ಸ್ವಂತ ಸೀರೀಸ್ ಜೊತೆ ಬಂದ. ಸೀರೀಸ್ ಚೆನ್ನಾಗೇ ಇದೆ. ಆದ್ರೆ ಎಂಟನೇ ಕ್ಲಾಸ್ ಓದೋ ನನ್ನ ಚಿಕ್ಕಪ್ಪನ ಮಗನಿಗೆ ಎಂಡ್‌ಗೇಮ್ ತೋರಿಸಿದಾಗ, ಟೋನಿ ಸಾಯೋ ಸೀನ್‌ನಲ್ಲಿ ಅವನು ಚಿಪ್ಸ್ ತಿನ್ಕೊಂಡು "ಬಿಡಣ್ಣ, ಬೇರೆ ಯೂನಿವರ್ಸ್‌ನಿಂದ ಇನ್ನೊಬ್ಬ ಬರ್ತಾನೆ" ಅಂದ. ನಾನು ಅದೇ ಸೀನ್‌ಗೆ ಅತ್ತಿದ್ದೆ. ಅವನ ತಪ್ಪಲ್ಲ. ಸತ್ತವರಿಗೆಲ್ಲ ಸ್ಪೇರ್ ಇದ್ದಾರೆ ಅಂತ ಸಿನಿಮಾದವರೇ ಅವನಿಗೆ ಹೇಳಿಕೊಟ್ಟಿದ್ದಾರೆ.

ಇದಕ್ಕೆ ಒಂದು ಒಳ್ಳೆ ಅಪವಾದ ಇದೆ. ಇನ್ಫಿನಿಟಿ ವಾರ್‌ನಲ್ಲಿ ಗಮೋರಾ ಸಾಯ್ತಾಳೆ, ಎಂಡ್‌ಗೇಮ್‌ನಲ್ಲಿ 2014ರ ಗಮೋರಾ ಈ ಕಾಲಕ್ಕೆ ಬರ್ತಾಳೆ. ಆದ್ರೆ ಅವಳಿಗೆ ಕ್ವಿಲ್ ಯಾರು ಅಂತಾನೇ ಗೊತ್ತಿಲ್ಲ. ಗಾರ್ಡಿಯನ್ಸ್ ಆಫ್ ದಿ ಗ್ಯಾಲಕ್ಸಿ ಮೂರನೇ ಭಾಗ (2023) ಇದನ್ನು ಮುಚ್ಚಿಹಾಕಲ್ಲ. ಕ್ವಿಲ್ ಎಷ್ಟು ಪ್ರಯತ್ನ ಪಟ್ರೂ ಅವಳು ಅವನ ಗಮೋರಾ ಆಗಲ್ಲ, ಕೊನೆಗೆ ತನ್ನ ಜನರ ಹತ್ರ ವಾಪಸ್ ಹೋಗ್ತಾಳೆ. ಮುಖ ಅದೇ, ಕಳ್ಕೊಂಡಿದ್ದು ಮಾತ್ರ ವಾಪಸ್ ಬರಲಿಲ್ಲ. ಮಲ್ಟಿವರ್ಸ್ ಕಥೆಗಳು ಹೀಗಿದ್ರೆ ನನ್ನ ತಕರಾರಿಲ್ಲ.

ವರ ಇದ್ದಲ್ಲಿ ಷರತ್ತು

ಇಷ್ಟೆಲ್ಲ ಇಂಗ್ಲಿಷ್ ಪುಸ್ತಕ ಓದಿ ಆದ್ಮೇಲೆ ನನಗೆ ಹೊಳೆದ ವಿಷಯ ಒಂದಿದೆ. ಸ್ಯಾಂಡರ್ಸನ್‌ನ ಎರಡನೇ ನಿಯಮ ನಮಗೆ ಹೊಸದೇನಲ್ಲ. ಕನ್ನಡದಲ್ಲಿ ಅದಕ್ಕೆ ಪದಗಳೇ ಇವೆ: ವರ, ಶಾಪ.

ಹಿರಣ್ಯಕಶಿಪುವಿನ ವರ ಒಂದು ಸ್ಪೆಸಿಫಿಕೇಶನ್ ಡಾಕ್ಯುಮೆಂಟ್ ಥರ ಇದೆ. ಹಗಲೂ ಬೇಡ, ರಾತ್ರಿಯೂ ಬೇಡ. ಒಳಗೂ ಬೇಡ, ಹೊರಗೂ ಬೇಡ. ಮನುಷ್ಯನಿಂದಲೂ ಬೇಡ, ಪ್ರಾಣಿಯಿಂದಲೂ ಬೇಡ. ಎಲ್ಲಾ ಕೇಸ್ ಕವರ್ ಮಾಡಿದ್ದೀನಿ ಅಂದ್ಕೊಂಡ. ನರಸಿಂಹ ಬಂದಿದ್ದು ಸಂಜೆ ಹೊತ್ತಲ್ಲಿ, ಹೊಸ್ತಿಲ ಮೇಲೆ. ಟೆಸ್ಟಿಂಗ್‌ನಲ್ಲಿ ಬಿಟ್ಟುಹೋದ ಎಡ್ಜ್ ಕೇಸ್! ವರವನ್ನು ಯಾರೂ ರದ್ದು ಮಾಡಲಿಲ್ಲ, ಅದರ ಪ್ರತಿ ಅಕ್ಷರವನ್ನೂ ಉಳಿಸಿಕೊಂಡೇ ಕಥೆ ಮುಗೀತು.

ಕರ್ಣನದು ಇನ್ನೂ ಸಂಕಟದ ಲೆಕ್ಕ. ಕವಚ ಕುಂಡಲ ದಾನ ಕೊಟ್ಟ ಮೇಲೆ ಇಂದ್ರ ಅವನಿಗೆ ಒಂದು ಶಕ್ತ್ಯಾಯುಧ ಕೊಡ್ತಾನೆ. ತಪ್ಪೋದೇ ಇಲ್ಲ, ಆದ್ರೆ ಒಂದೇ ಸಲ. ಕರ್ಣ ಅದನ್ನು ಅರ್ಜುನನಿಗೆ ಅಂತ ಎತ್ತಿಟ್ಟಿರ್ತಾನೆ. ರಾತ್ರಿ ಯುದ್ಧದಲ್ಲಿ ಘಟೋತ್ಕಚ ಕೌರವ ಸೇನೆಯನ್ನು ಧೂಳೀಪಟ ಮಾಡುವಾಗ, ಕಾಪಾಡು ಅಂತ ಎಲ್ಲರೂ ಕೂಗ್ತಾರೆ. ಈಗ ಬಳಸಿದ್ರೆ ನಾಳೆ ಅರ್ಜುನ ಉಳೀತಾನೆ, ಬಳಸದಿದ್ರೆ ಇವತ್ತು ನಂಬಿದವರು ಉಳಿಯಲ್ಲ. ಅವನು ಬಳಸ್ತಾನೆ. ಮಗನಂಥ ಘಟೋತ್ಕಚ ಸತ್ತು ಪಾಂಡವರೆಲ್ಲ ಅಳುವಾಗ ಕೃಷ್ಣ ಒಬ್ಬನೇ ಸಂತೋಷಪಡ್ತಾನೆ, ಯಾಕಂದ್ರೆ ಲೆಕ್ಕ ಗೊತ್ತಿದ್ದವನು ಅವನೊಬ್ಬನೇ. ಆ ಆಯುಧ ಎಷ್ಟು ಸಲ ಬೇಕಾದ್ರೂ ಬಳಸಬಹುದಾಗಿದ್ರೆ ಕರ್ಣ ಬರೀ ಒಬ್ಬ ಬಲಶಾಲಿ ಆಗ್ತಿದ್ದ. ಪಂಪನಿಂದ ಕುಮಾರವ್ಯಾಸನವರೆಗೆ ಕನ್ನಡದ ಕವಿಗಳು ಅವನಿಗೆ ಅಷ್ಟು ಮನಸ್ಸು ಕೊಟ್ಟಿದ್ದು ಬರೀ ಬಲಕ್ಕೆ ಅಂತ ನನಗೆ ಅನ್ಸಲ್ಲ.

"ನಮ್ಮಲ್ಲೇ ಎಲ್ಲ ಮೊದಲು ಇತ್ತು" ಅಂತ ಹೇಳೋಕೆ ನಾನು ಇದನ್ನು ಬರೀತಿಲ್ಲ. ಯಾರು ಮೊದಲು ಅನ್ನೋದು ನನಗೆ ಮುಖ್ಯ ಅಲ್ಲ. ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಜಾಗದಲ್ಲಿ ಕಥೆ ಹೇಳಿದವರು ಒಂದೇ ವಿಷಯ ಕಂಡುಕೊಂಡಿದ್ದಾರೆ: ಏನು ಬೇಕಾದ್ರೂ ಮಾಡಬಲ್ಲವನಿಗೆ ಆಯ್ಕೆ ಅನ್ನೋದೇ ಇರಲ್ಲ. ಎರಡರಲ್ಲಿ ಒಂದು ಬಿಡಬೇಕು ಅಂದಾಗ ಮಾತ್ರ ಅವನು ಎಂಥವನು ಅಂತ ನಮಗೆ ಗೊತ್ತಾಗೋದು.

ಹಾಗಾದ್ರೆ ಏನು ಮಾಡೋದು?

ಮುಂದಿನ ಸಲ ಇಂಥ ಸಿನಿಮಾ ನೋಡುವಾಗ ಅಥವಾ ಪುಸ್ತಕ ಓದುವಾಗ ಈ ಮೂರು ಪ್ರಶ್ನೆ ಕೇಳಿ ನೋಡಿ. ಈ ಶಕ್ತಿಯಿಂದ ಏನು ಮಾಡೋಕೆ ಆಗಲ್ಲ? ಬಳಸಿದ್ರೆ ಯಾರು ಏನು ಕಳ್ಕೋತಾರೆ? ಕ್ಲೈಮ್ಯಾಕ್ಸ್‌ನಲ್ಲಿ ಈ ಎರಡು ಉತ್ತರಗಳೂ ಹಾಗೇ ಉಳಿದಿವೆಯಾ? ಮೂರಕ್ಕೂ ಸರಿಯಾದ ಉತ್ತರ ಸಿಕ್ಕಿದ್ರೆ, ಅದರಲ್ಲಿ ಎಷ್ಟೇ ಡ್ರ್ಯಾಗನ್ ಇರಲಿ, ಲಾಜಿಕ್ ಇದೆ.

ಓದೋಕೆ ಶುರು ಮಾಡಬೇಕು ಅನ್ನೋರಿಗೆ: ಲೆಕ್ಕ ಇಷ್ಟ ಇದ್ರೆ ಮಿಸ್ಟ್‌ಬಾರ್ನ್, ಚಿಕ್ಕ ಪುಸ್ತಕ ಬೇಕು ಅಂದ್ರೆ ಅರ್ತ್‌ಸೀ, ಮಾಂಗಾ ಓದೋರಿಗೆ ಫುಲ್‌ಮೆಟಲ್ ಆಲ್ಕೆಮಿಸ್ಟ್. ಆ ಕೊನೇದರಲ್ಲಿ ಏನು ಪಡೀಬೇಕಾದ್ರೂ ಅಷ್ಟೇ ಬೆಲೆಯದ್ದನ್ನು ಕೊಡಬೇಕು ಅನ್ನೋದೇ ಮೂಲ ನಿಯಮ. ಸತ್ತ ಅಮ್ಮನನ್ನು ವಾಪಸ್ ತರೋಕೆ ಹೋದ ಇಬ್ಬರು ಅಣ್ಣತಮ್ಮಂದಿರು ಆ ನಿಯಮವನ್ನು ಕಲಿಯೋದು ತಮ್ಮ ದೇಹವನ್ನೇ ಕಳ್ಕೊಂಡು.

ಬರೆಯೋ ಆಸೆ ಇರೋರಿಗೆ ಒಂದು ಚಾಲೆಂಜ್. ಒಂದೇ ಒಂದು ಶಕ್ತಿ, ಮೂರು ಮಿತಿ, ಕನ್ನಡದಲ್ಲಿ ಒಂದು ಕಥೆ. ಹೀರೋ ನ್ಯೂಯಾರ್ಕ್‌ನಲ್ಲೇ ಇರಬೇಕು ಅಂತ ಏನಿಲ್ಲ, ನಮ್ಮ ಮೆಕ್ಯಾನಿಕಲ್ ಬ್ಲಾಕ್‌ನ ಮೂರನೇ ಮಹಡಿಯಲ್ಲಿ ಇದ್ರೂ ನಡೆಯುತ್ತೆ. ಮುಂದಿನ ಸಂಚಿಕೆಗೆ ಕಳಿಸಿ. ಮಿತಿ ಮುರಿದಿದ್ದೀರಾ ಇಲ್ವಾ ಅಂತ ನಾನೇ ಕ್ಯಾಲ್ಕುಲೇಟರ್ ಹಿಡ್ಕೊಂಡು ಚೆಕ್ ಮಾಡ್ತೀನಿ.